ದೊಡ್ಡ ಟಯರಿನ ಲೆಕ್ಕ

ಶಾರ್ಜಾದಿಂದ ಎರಡು ತಿಂಗಳ ರಜೆಯಲ್ಲಿ ಬಂದ ಜಯ ಅಮ್ಮನಿಗೆ ಸೀರೆ, ಅಪ್ಪನಿಗೆ ಕೈಗಡಿಯಾರ, ಅಕ್ಕನಿಗೆ ಪೆನ್ನಿನ ಸೆಟ್ಟು ಕೊಟ್ಟು ಮುಗಿಸಿದ ಮೇಲೆ, ಟವೆಲಿನಲ್ಲಿ ಸುತ್ತಿದ್ದ ಒಂದು ಕಪ್ಪು ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟ. ಬಾಣಂತಿಯ ಕೈಯಿಂದ ಕೂಸನ್ನು ತೆಗೆದುಕೊಂಡಷ್ಟು ಜಾಗ್ರತೆ ಅವನ ಮುಖದಲ್ಲಿತ್ತು.

"ಇದೆಂತ, ರೇಡಿಯೋವಾ?" ಎಂದು ಅಮ್ಮ ಚಂಪಾ ಕೇಳಿದರು.

"ಕಂಪ್ಯೂಟರ್," ಎಂದ ಜಯ.

ಅದು ಎಂಬತ್ತೈದನೇ ಇಸವಿಯ ಜನವರಿ. ಬಿಜೈಯ ಆ ಓಣಿಯಲ್ಲಿ ಯಾರೂ ಕಂಪ್ಯೂಟರನ್ನು ಕಣ್ಣಿನಿಂದ ಕಂಡವರಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಹೇಮಾಕ್ಷಿ ಕೂಡ ಕಂಡಿರಲಿಲ್ಲ. ಮೂವತ್ತಮೂರು ವರ್ಷದ ಆ ಟೀಚರು ತಮ್ಮನನ್ನು ಪಕ್ಕಕ್ಕೆ ಸರಿಸಿ, ಡಬ್ಬಿಯ ಜೊತೆಗೆ ಬಂದಿದ್ದ ಪುಸ್ತಕವನ್ನು ಮೊದಲು ಕೈಗೆತ್ತಿಕೊಂಡಳು. ಊಟಕ್ಕೆ ಕರೆಯುವಷ್ಟರಲ್ಲಿ ಅವಳು ಅದನ್ನು ಎರಡು ಸಲ ಓದಿ ಮುಗಿಸಿದ್ದಳು.

ವಿಷಯ ಸರಳವಾಗಿತ್ತು. ಅದು ಕಾರಿಗೆ ಹಾಕುವ ಕಂಪ್ಯೂಟರು. ಕಾರಿನ ಹಿಂದಿನ ಚಕ್ರಗಳನ್ನು ತಿರುಗಿಸುವ ಉದ್ದನೆಯ ಶಾಫ್ಟಿಗೆ ಎರಡು ಅಯಸ್ಕಾಂತದ ತುಂಡು ಅಂಟಿಸಬೇಕು. ಶಾಫ್ಟು ತಿರುಗಿದ ಹಾಗೆಲ್ಲ ಡಬ್ಬಿ ಸುತ್ತು ಎಣಿಸುತ್ತದೆ. ಎಣಿಸಿದ್ದನ್ನು ನಾವು ಕೊಟ್ಟ ಒಂದು ಸಂಖ್ಯೆಯಿಂದ ಗುಣಿಸಿ, ಎಷ್ಟು ದೂರ ಬಂದೆವು, ಸರಾಸರಿ ವೇಗ ಎಷ್ಟು ಎಂದು ಕೆಂಪು ಅಂಕಿಗಳಲ್ಲಿ ತೋರಿಸುತ್ತದೆ. ಆ ಸಂಖ್ಯೆ ಒಂದೊಂದು ಕಾರಿಗೆ ಒಂದೊಂದು, ಟಯರಿನ ಅಳತೆಗೆ ಹೊಂದಿಕೊಂಡು. ಸಂಖ್ಯೆ ತಪ್ಪಿದರೆ ಡಬ್ಬಿ ಹೇಳುವುದೆಲ್ಲ ಸುಳ್ಳು.

ಕಾರು ಎಂದರೆ ಮನೆಯಲ್ಲಿ ಇದ್ದದ್ದು ಒಂದೇ: ಅಪ್ಪ ನೋಣಯ್ಯನವರ ಅಂಬಾಸಿಡರ್ ಟ್ಯಾಕ್ಸಿ. ಕಪ್ಪು ಮೈ, ಹಳದಿ ತಲೆ. ಮೂವತ್ತು ವರ್ಷದಿಂದ ಸ್ಟೇರಿಂಗು ಹಿಡಿದ ನೋಣಯ್ಯನವರು ಟ್ಯಾಕ್ಸಿಗೆ ತೂತು ಕೊರೆಯಲು ಸುತರಾಂ ಒಪ್ಪಲಿಲ್ಲ. ಆದರೆ ಜಯ ತೂತು ಕೊರೆಯದೆ, ಡ್ಯಾಶ್‌ಬೋರ್ಡಿನ ಅಡಿಗೆ ಡಬ್ಬಿಯನ್ನು ಕ್ಲಿಪ್ಪಿನಲ್ಲಿ ಸಿಕ್ಕಿಸಿ, ಕಾರಿನ ಕೆಳಗೆ ಮಲಗಿ ವಯರು ಎಳೆದು, ಪುಸ್ತಕದ ಪಟ್ಟಿ ನೋಡಿ ಸಂಖ್ಯೆ ೪೮೨ ಎಂದು ಸೆಟ್ಟು ಮಾಡಿ ಬೆಳಗಾಗುವುದರೊಳಗೆ ಕೆಲಸ ಮುಗಿಸಿದ. ಮರುದಿನ ಫಳ್ನೀರಿನ ಆಸ್ಪತ್ರೆಗೆ ಬಾಡಿಗೆ ಹೋಗಿ ಬಂದ ನೋಣಯ್ಯನವರು ಚಾ ಕುಡಿಯುತ್ತಾ, "ಮೂರು ಪಾಯಿಂಟ್ ಒಂದು ಎಂಟು," ಎಂದರು. ಯಾರೂ ಏನೂ ಕೇಳಿರಲಿಲ್ಲ. ಅಲ್ಲಿಗೆ ಡಬ್ಬಿ ಅವರಿಗೆ ಹಿಡಿಸಿದೆ ಎಂದು ಎಲ್ಲರಿಗೂ ಗೊತ್ತಾಯಿತು.

ಅದೇ ವಾರ ಪೇಪರಿನಲ್ಲಿ ಒಂದು ಮೋಟಾರು ಕ್ಲಬ್ಬಿನ ಪ್ರಕಟಣೆ ಬಂತು. ಫೆಬ್ರವರಿಯ ಮೊದಲ ಭಾನುವಾರ ಕಾರು ರ‍್ಯಾಲಿ: ಕದ್ರಿ ಮೈದಾನದಿಂದ ಮೂಡುಬಿದಿರೆ, ಅಲ್ಲಿಂದ ಕಿನ್ನಿಗೋಳಿ, ಮೂಲ್ಕಿ, ಮತ್ತೆ ಕದ್ರಿ.

"ಅಪ್ಪ, ಹೋಗುವ," ಎಂದ ಜಯ.

"ನಿಂಗೆ ಮರ್ಲು ಉಂಟಾ? ರೇಸಿಗೆ ಹೋಗುವ ಪ್ರಾಯವಾ ನಂದು?"

"ಇದು ರೇಸ್ ಅಲ್ಲ. ಅವರು ಒಂದು ಸ್ಪೀಡ್ ಕೊಡ್ತಾರೆ. ಗಂಟೆಗೆ ಮೂವತ್ತಾರು ಅಂದ್ರೆ ಮೂವತ್ತಾರೇ ಹೋಗ್ಬೇಕು. ದಾರಿಯಲ್ಲಿ ಅಲ್ಲಲ್ಲಿ ಅಡಗಿ ಕೂತು ಟೈಮ್ ಬರೀತಾರೆ. ಒಂದು ಸೆಕೆಂಡ್ ಲೇಟಾದ್ರೆ ಒಂದು ಮಾರ್ಕ್ ದಂಡ. ಬೇಗ ಬಂದ್ರೂ ದಂಡ. ದಂಡ ಯಾರಿಗೆ ಕಡಿಮೆಯೋ ಅವರು ಗೆದ್ದ ಹಾಗೆ."

ನೋಣಯ್ಯನವರು ಪೇಪರನ್ನು ಹತ್ತಿರ ಎಳೆದುಕೊಂಡರು. "ಕರೆಕ್ಟ್ ಟೈಮಿಗೆ ಮುಟ್ಟಿಸುವುದು ತಾನೆ? ಅದನ್ನು ನಾನು ಮೂವತ್ತು ವರ್ಷದಿಂದ ಮಾಡ್ತಾ ಇದ್ದೇನೆ."

ಅರ್ಜಿಯಲ್ಲಿ ಡ್ರೈವರ್ ನೋಣಯ್ಯ, ಮೆಕ್ಯಾನಿಕ್ ಜಯ ಎಂದು ಬರೆದಾಯಿತು. ಪಕ್ಕದ ಸೀಟಿನಲ್ಲಿ ಕೂತು ಲೆಕ್ಕ ಹಾಕಿ ದಾರಿ ಹೇಳುವವರ ಹೆಸರಿನ ಜಾಗಕ್ಕೆ ಬಂದಾಗ ಅಪ್ಪ, ಮಗ ಇಬ್ಬರೂ ಹೇಮಾಕ್ಷಿಯ ಕಡೆ ನೋಡಿದರು. ಬೇಡ ಎನ್ನಲು ಬಾಯಿ ತೆರೆದವಳು, "ಸ್ಟಾಪ್‌ವಾಚ್ ಶಾಲೆಯಿಂದ ತರಬಹುದು," ಎಂದಳು.

ಎಡವಟ್ಟು ಆದದ್ದು ಆಮೇಲೆ. ಮೂಡುಬಿದಿರೆ, ಕಿನ್ನಿಗೋಳಿಯ ಮಧ್ಯೆ ರಸ್ತೆ ಹಾಳು, ಗಾಡಿಯ ಹೊಟ್ಟೆ ನೆಲಕ್ಕೆ ತಾಗುತ್ತದೆ ಎಂದು ಯಾರೋ ಹೇಳಿದ್ದನ್ನು ಕೇಳಿ, ಜಯ ಒಂದು ಮಧ್ಯಾಹ್ನ ಟ್ಯಾಕ್ಸಿ ತೆಗೆದುಕೊಂಡು ಹೋಗಿ ನಾಲ್ಕೂ ಚಕ್ರಗಳಿಗೆ ಒಂದು ಅಳತೆ ದೊಡ್ಡ ಟಯರು ಹಾಕಿಸಿಕೊಂಡು ಬಂದ. ಗಾಡಿ ಹಿಮ್ಮಡಿಯೆತ್ತಿ ನಿಂತ ಹಾಗೆ ಕಾಣುತ್ತಿತ್ತು. ಅವನಿಗೆ ಖುಷಿಯೋ ಖುಷಿ. ಆ ಖುಷಿಯಲ್ಲಿ ಡಬ್ಬಿಯ ಸಂಖ್ಯೆ ಬದಲಿಸಬೇಕು ಎನ್ನುವುದು ಅವನ ತಲೆಯಿಂದ ಪೂರಾ ಹಾರಿಹೋಗಿತ್ತು.

ಸಂಜೆ ಮೂವರೂ ನಂತೂರಿನಿಂದ ಸುರತ್ಕಲ್ ಕಡೆಗೆ ಅಭ್ಯಾಸಕ್ಕೆ ಹೊರಟರು. ಹೇಮಾಕ್ಷಿ ತೊಡೆಯ ಮೇಲೆ ಹಲಗೆ, ಹಲಗೆಯ ಮೇಲೆ ಕಾಗದ, ಕೈಯಲ್ಲಿ ಸ್ಟಾಪ್‌ವಾಚು ಇಟ್ಟುಕೊಂಡು ಕೂತಿದ್ದಳು. ಎಷ್ಟು ಲೆಕ್ಕ ಹಾಕಿದರೂ ಡಬ್ಬಿಗೂ ರಸ್ತೆ ಬದಿಯ ಕಿಲೋಮೀಟರ್ ಕಲ್ಲುಗಳಿಗೂ ತಾಳೆಯಾಗಲಿಲ್ಲ.

"ಕಲ್ಲು ಸರಿ ಇಲ್ಲ," ಎಂದ ಜಯ ಹಿಂದಿನಿಂದ.

"ಎಲ್ಲಾ ಕಲ್ಲೂ ಸರಿ ಇಲ್ಲವಾ?" ಎಂದಳು ಹೇಮಾಕ್ಷಿ.

ನೋಣಯ್ಯನವರು ಸ್ಪೀಡೋಮೀಟರಿನ ಗಾಜಿಗೆ ಬೆರಳಿನಿಂದ ಟಕ್ ಎಂದು ತಟ್ಟಿದರು. "ಗಾಡಿ ಮುಂಚಿಗಿಂತ ಜಾಸ್ತಿ ಓಡ್ತಾ ಉಂಟು ಮಗಾ. ನನ್ನ ಕಾಲಿಗೆ ಗೊತ್ತಾಗ್ತದೆ. ಮುಳ್ಳು ಮಾತ್ರ ಸೋಮಾರಿ ಆಗಿದೆ."

ಹೇಮಾಕ್ಷಿ ಪೆನ್ಸಿಲನ್ನು ಹಲ್ಲಿನಲ್ಲಿ ಕಚ್ಚಿ ಹೊರಗೆ ನೋಡಿದಳು. ಒಮ್ಮೆಲೇ ಅವಳಿಗೆ ನಗು ಬಂತು. ಎಂಥ ನಗು ಎಂದರೆ ಹಲಗೆ ತೊಡೆಯಿಂದ ಜಾರಿ ಕೆಳಗೆ ಬಿತ್ತು. "ಜಯಾ, ನೀನು ಟಯರು ದೊಡ್ಡದು ಮಾಡಿದ್ದೀಯಲ್ಲ ಮಾರಾಯ! ಒಂದೊಂದು ಸುತ್ತಿಗೂ ಗಾಡಿ ಜಾಸ್ತಿ ದೂರ ಹೋಗ್ತದೆ. ಡಬ್ಬಿಗೆ ಯಾರು ಹೇಳಿದ್ದಾರೆ? ಅದು ಪಾಪ ಹಳೇ ಟಯರಿನ ಲೆಕ್ಕದಲ್ಲೇ ಎಣಿಸ್ತಾ ಉಂಟು!"

ಜಯ ತಲೆಗೆ ಕೈ ಹೊಡೆದುಕೊಂಡ.

ಸಂಖ್ಯೆ ಬದಲಿಸಬೇಕಾದರೆ ಅಳತೆಯಲ್ಲಿ ಸಂಶಯವಿಲ್ಲದ ಒಂದು ಕಿಲೋಮೀಟರು ಬೇಕು. ಪುಸ್ತಕದಲ್ಲಿದ್ದ ಪಟ್ಟಿಯಲ್ಲಿ ಹಳೆಯ ಟಯರಿನ ಅಳತೆ ಇತ್ತು, ದೊಡ್ಡದರದ್ದು ಇರಲಿಲ್ಲ. ಕಿಲೋಮೀಟರ್ ಕಲ್ಲುಗಳ ಮೇಲೆ ಹೇಮಾಕ್ಷಿಗೆ ಪೂರ್ತಿ ಭರವಸೆ ಇರಲಿಲ್ಲ. ಅವಳು ಶಾಲೆಯ ಕ್ರೀಡಾ ಸಾಮಾನಿನಿಂದ ಐವತ್ತು ಮೀಟರಿನ ಟೇಪು ತಂದಳು. ಭಾನುವಾರ ಬೆಳಿಗ್ಗೆ ಆರಕ್ಕೆ ನಾಲ್ವರೂ ಕೂಳೂರಿನ ನೇರ ರಸ್ತೆಗೆ ಹೋದರು. ಚಂಪಮ್ಮನನ್ನು ಟೇಪಿನ ಒಂದು ತುದಿ ಹಿಡಿಯಲು ಕರೆದುಕೊಂಡು ಹೋದದ್ದು. ಅವರು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ರಸ್ತೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಟೇಪಿನ ತುದಿಯ ಬಳೆಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದರು. ಹೇಮಾಕ್ಷಿ ಇನ್ನೊಂದು ತುದಿಯಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದಳು. ಹೀಗೆ ಇಪ್ಪತ್ತು ಸಲ ಅಳೆಯಬೇಕು.

ಏಳನೆಯ ಗೆರೆ ಎಳೆಯುವಾಗ ಒಂದು ಬೇಕರಿಯ ಬಾಗಿಲು ತೆರೆಯಿತು. ಲುಂಗಿ, ಬನಿಯನು, ಮೊಣಕೈಯವರೆಗೆ ಮೈದಾಹಿಟ್ಟು. ಬೇಕರಿಯ ಯಜಮಾನ ಒಸ್ವಾಲ್ಡ್ ಪೊರ್ಬು ಓಡಿ ಬಂದರು.

"ಎಂತ ಮಾರಾಯ್ರೆ, ರೋಡು ಅಗಲ ಮಾಡ್ತಾರಾ? ನನ್ನ ಮೆಟ್ಟಿಲು ಹೋಗ್ತದಾ?"

"ಇಲ್ಲ ಇಲ್ಲ, ನಾವು ಟಯರಿಗೆ ಅಳೀತಾ ಇದ್ದೇವೆ," ಎಂದಳು ಹೇಮಾಕ್ಷಿ.

"ಟಯರಿಗೆ ರೋಡು ಅಳೆಯುವುದಾ? ನನ್ನನ್ನು ಮಂಗ ಮಾಡ್ಬೇಡಿ. ಎಷ್ಟು ಫುಟ್ ತಗೊಳ್ತಾರೆ, ಸತ್ಯ ಹೇಳಿ."

ಅಷ್ಟರಲ್ಲಿ ಆಚೆ ಮನೆಯವರು, ಈಚೆ ಮನೆಯವರು, ಹಾಲಿನವನು ಎಲ್ಲ ಸೇರಿದರು. ತೆಂಗಿನ ಮರ ಹೋಗುತ್ತದಾ, ಕಂಪೌಂಡು ಹೋಗುತ್ತದಾ ಎಂದು ಕೇಳುವವರೇ. ಒಬ್ಬರು ವಕೀಲರನ್ನು ಕರೆಯಲು ಸೈಕಲ್ಲು ಹತ್ತಿಯೂ ಆಗಿತ್ತು. ನೋಣಯ್ಯನವರು ಕೊನೆಗೆ ಟ್ಯಾಕ್ಸಿಯ ಬಾನೆಟ್ಟಿಗೆ ಕೈಯಿಂದ ಎರಡು ಸಲ ಬಡಿದು, ಸ್ಟ್ಯಾಂಡಿನಲ್ಲಿ ಜಗಳ ಬಿಡಿಸುವ ದೊಡ್ಡ ಸ್ವರದಲ್ಲಿ, "ಯಾರ ಮೆಟ್ಟಿಲೂ ಹೋಗುದಿಲ್ಲ! ನಮ್ಮ ಹುಡುಗಿ ರ‍್ಯಾಲಿಗೆ ಹೋಗ್ತಾಳೆ!" ಎಂದರು.

ಸೈಕಲ್ಲು ಹತ್ತಿದವರು ಇಳಿದರು. ಆಮೇಲೆ ಒಸ್ವಾಲ್ಡ್ ಪೊರ್ಬುಗಳು ಚಂಪಮ್ಮನ ಎದುರು ಕೂತು, "ಬಿಡಿ ಅಮ್ಮ, ನಿಮ್ಮ ಸೊಂಟ ಹಿಡಿದೀತು," ಎಂದು ಟೇಪಿನ ಬಳೆ ತೆಗೆದುಕೊಂಡರು. ಉಳಿದ ಹದಿಮೂರು ಅಳತೆಗೂ ತುದಿ ಹಿಡಿದವರು ಅವರೇ. ಹಿಂದೆ ಮುಂದೆ ಲಾರಿಗಳನ್ನು ನಿಲ್ಲಿಸಲು ನಾಲ್ಕು ಜನ ತಾವಾಗಿ ನಿಂತರು. ಸಾವಿರ ಮೀಟರು ಮುಟ್ಟಿದಾಗ ಚಪ್ಪಾಳೆಯೂ ಬಿತ್ತು. ಎಲ್ಲರಿಗೂ ಬಿಸಿ ಬನ್ನು ಹಂಚಿದ್ದು ಬೇಕರಿಯ ಲೆಕ್ಕದಲ್ಲಿ.

ನಾಲ್ವರೂ ಕಾರಿನಲ್ಲಿ ಕೂತು ಗೆರೆಯಿಂದ ಗೆರೆಗೆ ಓಡಿಸಿದರು. ಡಬ್ಬಿ ೯೬೦ ಮೀಟರು ಎಂದಿತು. ಇನ್ನೊಮ್ಮೆ ಓಡಿಸಿದರು. ಮತ್ತೆ ೯೬೦. ಹೇಮಾಕ್ಷಿ ಕಾಗದದ ಮೇಲೆ ೪೮೨ನ್ನು ಸಾವಿರದಿಂದ ಗುಣಿಸಿ ೯೬೦ರಿಂದ ಭಾಗಿಸಿದಳು. "ಐನೂರ ಎರಡು," ಎಂದು ಹೇಳಿ ಗುಂಡಿ ಒತ್ತಿದಳು. ಮೂರನೆಯ ಸಲ ಗೆರೆ ದಾಟುವಾಗ ಕೆಂಪು ಅಂಕಿ ಸರಿಯಾಗಿ ಒಂದು ಕಿಲೋಮೀಟರು ತೋರಿಸಿತು. ಜಯ ಹಿಂದಿನಿಂದ ಅಕ್ಕನ ಎರಡೂ ಭುಜ ಹಿಡಿದು ಅಲುಗಾಡಿಸಿದ.

ಅಮ್ಮನನ್ನು ಇಳಿಸಿ ಒಮ್ಮೆ ನೋಡುವ ಎಂದು ಹೇಮಾಕ್ಷಿಗೆ ಅನಿಸಿತು. ಅಮ್ಮ ಇಲ್ಲದೆ ಓಡಿಸಿದರೆ ಎರಡು ಮೀಟರು ಕಡಿಮೆ ತೋರಿಸಿತು. ಭಾರ ಕಡಿಮೆಯಾದರೆ ಟಯರು ಅಷ್ಟು ಚಪ್ಪಟೆಯಾಗುವುದಿಲ್ಲ, ಒಂದು ಕೂದಲಿನಷ್ಟು ದೊಡ್ಡದಾಗುತ್ತದೆ.

"ನೋಡಿ ಅಮ್ಮ," ಎಂದಳು ಹೇಮಾಕ್ಷಿ ಗಂಭೀರವಾಗಿ. "ನೀವಿಲ್ಲದಿದ್ರೆ ಲೆಕ್ಕ ತಪ್ತದೆ. ಕಿಲೋಮೀಟರಿಗೆ ಎರಡು ಮೀಟರ್. ರ‍್ಯಾಲಿಗೆ ನೀವು ಬರ್ಲೇಬೇಕು."

"ನಾನಾ? ಅಯ್ಯೋ ದೇವರೇ, ನಾನು ಬಂದು ಎಂತ ಮಾಡುದು?"

"ಸುಮ್ಮನೆ ಕೂತ್ರೆ ಸಾಕು. ಭಾರಕ್ಕೆ."

ಸಂಖ್ಯೆಯನ್ನು ಐನೂರ ಮೂರು ಮಾಡಿದರೆ ಅಮ್ಮನಿಲ್ಲದೆಯೂ ನಡೆಯುತ್ತದೆ ಎಂಬುದು ಹೇಮಾಕ್ಷಿಗೂ ಗೊತ್ತಿತ್ತು, ಜಯನಿಗೂ ಗೊತ್ತಿತ್ತು. ಆದರೆ ಊರಿನವರನ್ನೆಲ್ಲ ಮದುವೆಗೆ, ಮುಂಜಿಗೆ, ಆಸ್ಪತ್ರೆಗೆ ಸುತ್ತಿಸಿದ ಆ ಟ್ಯಾಕ್ಸಿಯಲ್ಲಿ ಚಂಪಮ್ಮ ಸುಮ್ಮನೆ ಸುತ್ತಾಡಲು ಕೂತದ್ದು ಇಲ್ಲವೇ ಇಲ್ಲ. ಎಲ್ಲಿಗಾದರೂ ಹೋಗಬೇಕಾದರೆ, "ಬಾಡಿಗೆ ತಪ್ತದೆ, ನಾನು ಬಸ್ಸಲ್ಲಿ ಹೋಗ್ತೇನೆ," ಎನ್ನುವವರು. ಜಯ ಬಾಯಿ ಮುಚ್ಚಿಕೊಂಡು ಅಕ್ಕನಿಗೆ ಕಣ್ಣು ಹೊಡೆದ.

ರ‍್ಯಾಲಿಯ ದಿನ ಕದ್ರಿ ಮೈದಾನದಲ್ಲಿ ಇಪ್ಪತ್ತಾರು ಕಾರು. ಹೊಸದಾಗಿ ಬಂದ ಮಾರುತಿಗಳು, ಉಜ್ಜಿ ಹೊಳಪಿಸಿದ ಫಿಯಟ್ಟುಗಳು, ಎರಡು ಜೀಪು. ಕಪ್ಪು ಹಳದಿ ಟ್ಯಾಕ್ಸಿ ಇದ್ದದ್ದು ಒಂದೇ. ಅದರ ಬಾಗಿಲಿಗೆ ೧೪ ಎಂಬ ಅಂಕಿ ಅಂಟಿಸಿದ್ದರು. ಪಕ್ಕದಲ್ಲೇ ಕೆಂಪು ಮಾರುತಿ ನಿಂತಿತ್ತು. ಅದನ್ನು ಓಡಿಸುವ ಲ್ಯಾನ್ಸಿ ಕಳೆದ ಎರಡು ವರ್ಷವೂ ಗೆದ್ದವನು. ಅವನಿಗೆ ಲೆಕ್ಕ ಹೇಳುವವನು ಚಿತ್ತರಂಜನ ಎಂಬ ಇಂಜಿನಿಯರು. ಲ್ಯಾನ್ಸಿ ಟ್ಯಾಕ್ಸಿಯ ಕಿಟಕಿಗೆ ಬಗ್ಗಿ, "ಎಲ್ಲಿಗೆ ಬಾಡಿಗೆ ಮಾರಾಯ್ರೆ?" ಎಂದು ನಕ್ಕ.

"ಮೂಡುಬಿದಿರೆಗೆ. ನೀವೂ ಆ ಕಡೆಗೇ ಅಂತ ಕಾಣ್ತದೆ," ಎಂದರು ನೋಣಯ್ಯನವರು. ಅವರು ಹೊಸ ಇಸ್ತ್ರಿಯ ಖಾಕಿ ಅಂಗಿ ಹಾಕಿದ್ದರು. ಲ್ಯಾನ್ಸಿ ಈ ಸಲ ಜೋರಾಗಿ ನಕ್ಕ.

ಒಂದೊಂದು ನಿಮಿಷಕ್ಕೆ ಒಂದೊಂದು ಕಾರು ಬಿಟ್ಟರು. ಬಾವುಟ ಬಿದ್ದ ಕೂಡಲೆ ಹೇಮಾಕ್ಷಿ ಸ್ಟಾಪ್‌ವಾಚು ಒತ್ತಿದಳು. ಎಸ್ಸೆಸ್ಸೆಲ್ಸಿ ರಿಸಲ್ಟಿನ ಪಟ್ಟಿಯಲ್ಲಿ ತನ್ನ ನಂಬರು ಹುಡುಕಿದ ಮೇಲೆ ಯಾವ ಅಂಕಿಯನ್ನೂ ಅವಳು ಇಷ್ಟು ಕಣ್ಣಿಟ್ಟು ನೋಡಿರಲಿಲ್ಲ.

ನಂತೂರಿನಲ್ಲಿ ಲಾರಿಗಳ ಸಾಲು. ಒಂದು ಬಸ್ಸು ಅಡ್ಡ ನಿಂತು ಕಂಡಕ್ಟರು ಯಾರನ್ನೋ ಕೂಗಿ ಕರೆಯುತ್ತಿದ್ದ. ಟ್ಯಾಕ್ಸಿ ದಾಟುವಷ್ಟರಲ್ಲಿ ಹೇಮಾಕ್ಷಿ ಡಬ್ಬಿಯನ್ನೂ ಕಾಗದವನ್ನೂ ನೋಡಿ, "ನಲವತ್ತೊಂದು ಸೆಕೆಂಡ್ ಲೇಟ್," ಎಂದಳು.

"ಗಡಿಬಿಡಿ ಬೇಡ," ಎಂದರು ನೋಣಯ್ಯನವರು. "ಎಷ್ಟು ದೂರದಲ್ಲಿ ಬೇಕು ನಿಂಗೆ?"

"ಒಂಬತ್ತು ಕಿಲೋಮೀಟರ್."

ಅವರು ಆಕ್ಸಿಲರೇಟರನ್ನು ಒಂದಿಷ್ಟೇ ಇಷ್ಟು ಒತ್ತಿದರು. ಹೇಮಾಕ್ಷಿ ಓದಿ ಹೇಳತೊಡಗಿದಳು: "ಮೂವತ್ತು... ಇಪ್ಪತ್ತೆರಡು... ಹನ್ನೊಂದು..." ಹಿಂದೆ ಕೂತ ಚಂಪಮ್ಮ ಮುಂದಿನ ಸೀಟನ್ನು ಎರಡೂ ಕೈಯಲ್ಲಿ ಹಿಡಿದು, ಅವಳ ಜೊತೆಗೇ ಎಣಿಸತೊಡಗಿದರು. "ನಾಲ್ಕು! ಎರಡು! ಸರಿ!" ಎಂದು ತಾಯಿ ಮಗಳು ಒಟ್ಟಿಗೆ ಕೂಗಿದಾಗ ಗುರುಪುರದ ಸೇತುವೆ ಬಂದಿತ್ತು.

ಅಡಗಿ ಕೂತವರನ್ನು ಕಂಡುಹಿಡಿಯುವುದರಲ್ಲಿ ಚಂಪಮ್ಮ ಎಲ್ಲರಿಗಿಂತ ಚುರುಕು. "ಅಲ್ಲಿ ನೋಡಿ, ಹಲಸಿನ ಮರದ ಹಿಂದೆ! ಬಿಸಿಲಿಲ್ಲ, ಮಳೆ ಇಲ್ಲ, ಕೊಡೆ ಹಿಡ್ಕೊಂಡು ಕೂತಿದ್ದಾನೆ. ಅವನೇ!" ಟ್ಯಾಕ್ಸಿ ಹತ್ತಿರ ಬರುತ್ತಿದ್ದಂತೆ ಕೊಡೆಯ ಹಿಂದಿನಿಂದ ಒಂದು ಕೈಗಡಿಯಾರ ಹೊರಗೆ ಬಂತು. ಚಂಪಮ್ಮ ಅವನಿಗೆ ಕೈಬೀಸಿದರು. ಪಾಪ, ಅಡಗಿದವನೂ ಮರೆತು ಕೈಬೀಸಿದ.

ಮೂಡುಬಿದಿರೆಯಲ್ಲಿ ಇಪ್ಪತ್ತು ನಿಮಿಷದ ವಿರಾಮ. ಆ ಹೊತ್ತು ಲೆಕ್ಕಕ್ಕಿಲ್ಲ. ಚಂಪಮ್ಮ ಎಲೆಯಲ್ಲಿ ಬೇಯಿಸಿ ತಂದಿದ್ದ ಮೂಡೆ, ಚಟ್ನಿ ಬಿಚ್ಚಿದರು. ಚಿತ್ತರಂಜನ ಕೂಡ ಬಂದು ಒಂದು ತುಂಡು ತಿಂದು ಹೋದ. ಜಯ ಕೈ ತೊಳೆಯಲು ಕಾರಿನ ಹಿಂದೆ ಹೋದವನು ಅಲ್ಲಿಯೇ ನಿಂತುಬಿಟ್ಟ.

"ಅಕ್ಕ, ಇಲ್ಲಿ ಬಾ."

ಬಲಬದಿಯ ಹಿಂದಿನ ಟಯರು ನೆಲಕ್ಕೆ ಒರಗಿತ್ತು. ಲಾಳದ ಮೊಳೆಯೊಂದು ಚುಚ್ಚಿ, ಗಾಳಿ ಮೆಲ್ಲಗೆ ಹೋಗಿ, ಈಗ ಪೂರ್ತಿ ಮಲಗಿತ್ತು. ಜಯ ಜ್ಯಾಕು ಹಾಕಿ ಡಿಕ್ಕಿಯಿಂದ ಸ್ಟೆಪ್ನಿ ತೆಗೆದ. ತೆಗೆದು ನಿಲ್ಲಿಸಿದ ಮೇಲೆ ಮೂವರಿಗೂ ವಿಷಯ ಗೊತ್ತಾಯಿತು. ದೊಡ್ಡ ಟಯರು ಹಾಕಿಸಿದ್ದು ನಾಲ್ಕಕ್ಕೆ ಮಾತ್ರ. ಸ್ಟೆಪ್ನಿ ಹಳೆಯದೇ, ಸಣ್ಣದೇ.

"ಮುಂದಿನ ಚಕ್ರ ಬಿಚ್ಚಿ ಹಿಂದೆ ಹಾಕುವ, ಇದನ್ನು ಮುಂದೆ ಹಾಕುವ," ಎಂದ ಜಯ. ಆದರೆ ಎರಡು ಚಕ್ರ ಬದಲಿಸಲು ಸಮಯ ಎಲ್ಲಿ? ಉಳಿದದ್ದು ಒಂಬತ್ತು ನಿಮಿಷ. ಸ್ಟೆಪ್ನಿಯನ್ನು ಹಿಂದೆಯೇ ಹಾಕಬೇಕಾಯಿತು. ಬೋಲ್ಟು ಬಿಗಿಯುತ್ತಾ ಜಯ ಗೊಣಗಿದ: "ಎಡದಲ್ಲಿ ದೊಡ್ಡದು, ಬಲದಲ್ಲಿ ಸಣ್ಣದು. ಇನ್ನು ಶಾಫ್ಟು ಯಾರ ಮಾತು ಕೇಳ್ತದೆ?"

ಹೇಮಾಕ್ಷಿ ಅಲ್ಲೇ ನೆಲದ ಮೇಲೆ ಕೂತಳು. "ಗಾಡಿ ತಿರುವಿನಲ್ಲಿ ಹೋಗುವಾಗ ಒಂದು ಚಕ್ರ ಜಾಸ್ತಿ, ಒಂದು ಚಕ್ರ ಕಮ್ಮಿ ತಿರುಗ್ತದೆ ಅಲ್ಲವಾ? ಆಗ ಶಾಫ್ಟು ಎಷ್ಟು ತಿರುಗ್ತದೆ?"

"ಎರಡರ ಮಧ್ಯ. ಹಿಂದಿನ ಆಕ್ಸಲಿನ ಗೇರು ಇರುವುದೇ ಅದಕ್ಕೆ," ಎಂದ ಜಯ. ಹೇಳುತ್ತಾ ಹೇಳುತ್ತಾ ಅವನ ಕೈಯ ಸ್ಪ್ಯಾನರು ನಿಂತಿತು.

"ಹಾಗಾದ್ರೆ ಈಗಲೂ ಮಧ್ಯವೇ. ಸಣ್ಣದಕ್ಕೆ ನಾನೂರ ಎಂಬತ್ತೆರಡು, ದೊಡ್ಡದಕ್ಕೆ ಐನೂರ ಎರಡು." ಅವಳು ಧೂಳಿನಲ್ಲಿ ಬೆರಳಿನಿಂದ ಬರೆದಳು. "ನಾನೂರ ತೊಂಬತ್ತೆರಡು."

"ತಪ್ಪಿದ್ರೆ?"

"ತಪ್ಪಿದ್ರೆ ಎಲ್ಲಾ ಹೋಯ್ತು."

ಅಪ್ಪನ ಮುಖ ನೋಡಿದಳು. ನೋಣಯ್ಯನವರು, "ನಂಗೆ ಗುಣಾಕಾರ ಗೊತ್ತಿಲ್ಲ ಮಗಾ. ನೀನು ಹೇಳಿದ ಹಾಗೆ ಓಡಿಸ್ತೇನೆ," ಎಂದರು.

"ಸಂಖ್ಯೆ ಬದಲಿಸ್ಲಿಕ್ಕೆ ಈಗ ಟೈಮ್ ಎಲ್ಲುಂಟು?" ಎಂದು ಚಂಪಮ್ಮ ಗಾಬರಿಯಿಂದ ಕೇಳಿದರು.

"ಅದಕ್ಕೆಂತ ಅಮ್ಮ, ಮೂರು ಸಲ ಗುಂಡಿ ಒತ್ತಿದ್ರೆ ಆಯ್ತು," ಎಂದ ಜಯ ಕೈ ಒರೆಸಿಕೊಳ್ಳುತ್ತಾ.

ಚಂಪಮ್ಮ ಮೂಡೆಯ ಡಬ್ಬಿ ಮುಚ್ಚುತ್ತಿದ್ದವರು ನಿಧಾನಕ್ಕೆ ತಲೆಯೆತ್ತಿದರು. "ಬರೀ ಗುಂಡಿ ಒತ್ತಿದ್ರೆ ಆಗ್ತದಾ? ಹಾಗಾದ್ರೆ ನಾನು ಬಾರದಿದ್ರೂ ಗುಂಡಿ ಒತ್ತಬಹುದಿತ್ತಲ್ಲ? ನನ್ನನ್ನು ಯಾಕೆ ಕರ್ಕೊಂಡು ಬಂದದ್ದು?"

ಅಕ್ಕ, ತಮ್ಮ ಒಬ್ಬರ ಮುಖ ಒಬ್ಬರು ನೋಡಿದರು. ನೋಣಯ್ಯನವರು ಕೆಮ್ಮಿ, ಕಿಟಕಿಯ ಗಾಜು ಒರೆಸತೊಡಗಿದರು. ಚಂಪಮ್ಮನಿಗೆ ಅರ್ಥವಾಯಿತು. "ಕಳ್ಳರು! ಮೂವರೂ ಕಳ್ಳರು!" ಎಂದು ಹೇಮಾಕ್ಷಿಯ ಬೆನ್ನಿಗೆ ಒಂದು ಗುದ್ದಿದರು. ಗುದ್ದಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾ ಹಿಂದಿನ ಸೀಟಿನ ಸರಿ ಮಧ್ಯದಲ್ಲಿ, ಎರಡೂ ಕಡೆ ಸಮ ಭಾರ ಬೀಳುವ ಹಾಗೆ, ಜಾಗ ಸರಿಮಾಡಿಕೊಂಡು ಕೂತರು. "ಹೂಂ, ಬಿಡಿ ಇನ್ನು. ಲೇಟಾಗ್ತದೆ."

ಕಿನ್ನಿಗೋಳಿಯ ದಾರಿ ಹೇಳಿದ ಹಾಗೆಯೇ ಹಾಳಾಗಿತ್ತು. ಟ್ಯಾಕ್ಸಿ ಕುಂಟುವವರ ಹಾಗೆ ಬಲಕ್ಕೆ ಒಂದಿಷ್ಟು ವಾಲಿ ಓಡುತ್ತಿತ್ತು. ಡಬ್ಬಿಯ ಅಂಕಿಗಳು ಏರುತ್ತಿದ್ದವು, ಅವಳು ಸೆಕೆಂಡು ಹೇಳುತ್ತಿದ್ದಳು, ಅಪ್ಪ ಅದರಂತೆ ಕಾಲು ಒತ್ತುತ್ತಿದ್ದರು, ಸಡಿಲಿಸುತ್ತಿದ್ದರು. ಆದರೆ ಎಲ್ಲವೂ ಧೂಳಿನಲ್ಲಿ ಬೆರಳಿನಿಂದ ಬರೆದ ಒಂದು ಸಂಖ್ಯೆಯನ್ನು ನಂಬಿ. ಕ್ಲಬ್ಬಿನವರು ಕೊಟ್ಟ ದಾರಿಯ ಚೀಟಿಯಲ್ಲಿ ವಿರಾಮದ ನಂತರ ಒಂದೇ ಒಂದು ದೂರ ನಮೂದಾಗಿತ್ತು: ಮೂಲ್ಕಿಯಲ್ಲಿ ಹೆದ್ದಾರಿ ಸೇರುವ ಜಾಗ, ೬೧.೪೦. ಅಲ್ಲಿವರೆಗೆ ಸರಿಯೋ ತಪ್ಪೋ ಹೇಳುವವರಿಲ್ಲ.

ತೋಟಗಳು ಮುಗಿದು ಅಂಗಡಿಗಳು ಕಂಡವು. ದೂರದಲ್ಲಿ ಹೆದ್ದಾರಿಯ ಲಾರಿಯೊಂದು ಅಡ್ಡ ಹಾಯಿತು. ಹೇಮಾಕ್ಷಿ ಡಬ್ಬಿಯ ಮೇಲೆ ಕಣ್ಣಿಟ್ಟಳು. ೬೧.೨೫. ೬೧.೩೩. ಮುಂದಿನ ಚಕ್ರ ಹೆದ್ದಾರಿಯ ಡಾಂಬರಿನ ಅಂಚು ಮುಟ್ಟಿತು.

೬೧.೩೯.

ಅವಳು ಕಿರುಚಿದಳು. ಹತ್ತೇ ಹತ್ತು ಮೀಟರು! ಮೂವತ್ತು ಹುಡುಗಿಯರ ಕ್ಲಾಸನ್ನು ಒಂದು ನೋಟದಲ್ಲಿ ಸುಮ್ಮನಾಗಿಸುವ ಹೇಮಾಕ್ಷಿ ಟೀಚರು ಹಲಗೆಗೆ ಎರಡೂ ಕೈಯಿಂದ ಬಡಿದು ಬಡಿದು ಕಿರುಚಿದಳು. ಜಯನೂ ಕಿರುಚಿದ.

"ಎಂತ ಆಯ್ತು? ಯಾರಿಗೆ ತಾಗಿತು?" ಎಂದು ಚಂಪಮ್ಮ ಹೆದರಿ ಹಿಂದೆ ತಿರುಗಿ ನೋಡಿದರು.

"ಯಾರಿಗೂ ತಾಗ್ಲಿಲ್ಲ ಅಮ್ಮ! ಸರಿ ಉಂಟು! ಎಲ್ಲಾ ಸರಿ ಉಂಟು!"

"ಮಗಾ, ಸೆಕೆಂಡ್ ಹೇಳು," ಎಂದರು ನೋಣಯ್ಯನವರು. ಅವರ ಸ್ವರ ಮಾತ್ರ ಸಮವಾಗಿತ್ತು.

ಸುರತ್ಕಲ್, ಪಣಂಬೂರು, ಕೂಳೂರು. ಬೇಕರಿಯ ಮೆಟ್ಟಿಲಿನ ಮೇಲೆ ಪೊರ್ಬುಗಳು ಗಿರಾಕಿಗಳನ್ನೂ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಟ್ಯಾಕ್ಸಿ ಕಂಡದ್ದೇ ಹಿಟ್ಟಿನ ಕೈಯೆತ್ತಿ ಬೊಬ್ಬೆ ಹಾಕಿದರು. ನಿಲ್ಲಿಸಲು ಆಗುವುದಿಲ್ಲ, ಹಾರನ್ನು ಮಾತ್ರ ಮೂರು ಸಲ ಹೊಡೆದಾಯಿತು. ಕದ್ರಿ ಮೈದಾನದ ಬಿಳಿ ಗೆರೆಯನ್ನು ಟ್ಯಾಕ್ಸಿ ದಾಟಿದಾಗ ಹೇಮಾಕ್ಷಿಯ ಲೆಕ್ಕದಲ್ಲಿ ಎರಡು ಸೆಕೆಂಡು ತಡ.

ಫಲಿತಾಂಶ ಓದಿದವರು ಕ್ಲಬ್ಬಿನ ಕಾರ್ಯದರ್ಶಿ ತಾರಾನಾಥ ಶೆಟ್ಟರು. ಫಳ್ನೀರಿನಲ್ಲಿ ಹೋಟೆಲು ಇಟ್ಟವರು. ಮೂರನೆಯ ಸ್ಥಾನ ಒಂದು ಜೀಪಿಗೆ. ಎರಡನೆಯದು ಲ್ಯಾನ್ಸಿ ಮತ್ತು ಚಿತ್ತರಂಜನರಿಗೆ, ಎಪ್ಪತ್ತೊಂದು ಮಾರ್ಕು ದಂಡ. ಶೆಟ್ಟರು ಚೀಟಿಯನ್ನು ಕಣ್ಣಿನಿಂದ ದೂರ ಹಿಡಿದು, ಹತ್ತಿರ ಹಿಡಿದು, ಪಕ್ಕದವರಿಗೆ ತೋರಿಸಿ ಖಾತ್ರಿಮಾಡಿಕೊಂಡರು. "ಮೊದಲನೇ ಸ್ಥಾನ, ಮೂವತ್ತೆಂಟು ಮಾರ್ಕು ದಂಡ, ಕಾರು ನಂಬರ್ ಹದಿನಾಲ್ಕು. ಶ್ರೀ ನೋಣಯ್ಯ, ಕುಮಾರಿ ಹೇಮಾಕ್ಷಿ!"

ಮೈದಾನದ ಅಂಚಿನಲ್ಲಿ ಸುಮ್ಮನೆ ನೋಡಲು ಬಂದಿದ್ದ ಸ್ಟ್ಯಾಂಡಿನ ಟ್ಯಾಕ್ಸಿಯವರು ಹತ್ತು ಹನ್ನೆರಡು ಜನ. ಅವರು ಹಾಕಿದ ಬೊಬ್ಬೆಗೆ ಮರದ ಕಾಗೆಗಳೆಲ್ಲ ಎದ್ದವು. ಅವರು ನೋಣಯ್ಯನವರನ್ನು ಎತ್ತಲು ನೋಡಿದರು. "ಬೇಡ ಮಾರಾಯ್ರೆ, ಸೊಂಟ ನೋವು ಉಂಟು," ಎಂದು ಅವರು ಹಿಂದೆ ಹಿಂದೆ ಸರಿದು ಕಾರಿಗೆ ಒರಗಿದರು. ಬೆಳ್ಳಿಯ ಬಣ್ಣದ ಕಪ್ಪನ್ನು ಹೆಂಡತಿಯ ಕೈಗೆ ಕೊಟ್ಟರು. ಚಂಪಮ್ಮ ಅದನ್ನು ತಲೆಕೆಳಗು ಮಾಡಿ ತಳ ನೋಡಿ, ಸೆರಗಿನಿಂದ ಒರೆಸಿ, ಮಗುವಿನ ಹಾಗೆ ಕಂಕುಳಲ್ಲಿ ಇಟ್ಟುಕೊಂಡರು.

ಲ್ಯಾನ್ಸಿ ಬಂದು ಕೈಕುಲುಕಿದ. ಚಿತ್ತರಂಜನನಿಗೆ ಸ್ಟೆಪ್ನಿಯ ಕತೆ ಕೇಳಿ ತಡೆಯಲಾಗಲಿಲ್ಲ. "ಮಧ್ಯದ ಸಂಖ್ಯೆ ಅಂತ ನಿಮಗೆ ಅಷ್ಟು ಬೇಗ ಹೇಗೆ ಹೊಳೀತು ಟೀಚರ್? ನಾನಾದ್ರೆ ಮುಂದಿನ ಚಕ್ರ ಬಿಚ್ಚಲಿಕ್ಕೆ ಹೋಗಿ ಟೈಮು ಹಾಳು ಮಾಡ್ತಿದ್ದೆ," ಎಂದು ಧೂಳಿನಲ್ಲಿ ತಾನೂ ಬರೆದು ನೋಡಿದ.

"ಬರುವ ವರ್ಷ ನೀವೇ ಸ್ಟೇರಿಂಗಲ್ಲಿ ಕೂತ್ಕೊಳ್ಳಿ ಟೀಚರ್," ಎಂದ ಲ್ಯಾನ್ಸಿ. "ನೋಣಯ್ಯಣ್ಣ ಆರಾಮ ಹಿಂದೆ ಕೂರ್ಲಿ."

"ನನಗೆ ಡ್ರೈವಿಂಗ್ ಬರುದಿಲ್ಲ," ಎಂದಳು ಹೇಮಾಕ್ಷಿ.

ಲ್ಯಾನ್ಸಿ ನಂಬಲಿಲ್ಲ. ಆದರೆ ಅದು ನಿಜವಾಗಿತ್ತು. ಅವಳು ಕಲಿಯಬೇಕೆಂದು ಕೇಳಿರಲಿಲ್ಲ, ಯಾರೂ ಕಲಿಸುತ್ತೇನೆ ಎಂದಿರಲಿಲ್ಲ. ನೋಣಯ್ಯನವರು ಮಗಳ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಕಿಸೆಯಿಂದ ಕೀ ತೆಗೆದು, ಡ್ರೈವರಿನ ಬದಿಯ ಬಾಗಿಲು ತೆರೆದು ಹಿಡಿದರು.

"ಕೂತ್ಕೋ."

"ಈಗಲಾ?"

"ಮೈದಾನ ಖಾಲಿ ಉಂಟಲ್ಲ. ಮತ್ತೆ ಯಾವಾಗ?"

ಅವಳು ಕೂತಳು. ಅಪ್ಪ ಪಕ್ಕದ ಸೀಟಿಗೆ ಬಂದರು; ಜಯ, ಚಂಪಮ್ಮ ಹಿಂದೆ ಹತ್ತಿದರು. ಸ್ಟೇರಿಂಗಿನ ಪಕ್ಕದ ಗೇರಿನ ಕೋಲನ್ನು ಅಪ್ಪ ಅವಳ ಕೈಯ ಮೇಲೆ ಕೈಯಿಟ್ಟು ಒಂದನೆಯದಕ್ಕೆ ತಂದರು. ಕ್ಲಚ್ಚು ಬಿಟ್ಟ ಕೂಡಲೆ ಟ್ಯಾಕ್ಸಿ ಕಪ್ಪೆಯ ಹಾಗೆ ಎರಡು ಸಲ ಹಾರಿ ನಿಂತಿತು. ಸ್ಟ್ಯಾಂಡಿನವರು ಓಹೋ ಎಂದರು. ಮತ್ತೊಮ್ಮೆ ಹಾರಿ ನಿಂತಿತು. ಮೂರನೆಯ ಸಲ ಅದು ನಿಲ್ಲಲಿಲ್ಲ. ಗುಡುಗುಡು ಎನ್ನುತ್ತಾ, ಬಲಕ್ಕೆ ವಾಲುತ್ತಾ, ಮೈದಾನದ ಕೆಂಪು ಮಣ್ಣಿನಲ್ಲಿ ಹೊರಟೇಬಿಟ್ಟಿತು. ಮುಂದೆ ನಿಂತಿದ್ದವರೆಲ್ಲ ಚಪ್ಪಲಿ ಬಿಟ್ಟು ಓಡಿದರು. ಶೆಟ್ಟರು ಬಾವುಟ ಎತ್ತಿ ದಾರಿ ಬಿಡಿಸಿದರು. ಚಂಪಮ್ಮ ಒಂದು ಕೈಯಲ್ಲಿ ಕಪ್ಪನ್ನೂ ಇನ್ನೊಂದು ಕೈಯಲ್ಲಿ ಜಯನ ಕುತ್ತಿಗೆಯನ್ನೂ ಹಿಡಿದು, "ನಿಲ್ಸು ಹೇಮಾ, ನಿಲ್ಸು!" ಎಂದು ನಗುತ್ತಾ ಕೂಗುತ್ತಿದ್ದರು.

"ಬ್ರೇಕು ಎಲ್ಲಿ ಅಪ್ಪ?" ಎಂದಳು ಹೇಮಾಕ್ಷಿ.

"ಬ್ರೇಕು ಮತ್ತೆ ನೋಡುವ," ಎಂದರು ನೋಣಯ್ಯನವರು. "ಮೊದಲು ಎರಡನೇ ಗೇರು ಹಾಕು."